ದ್ವಿತೀಯ ಪಿಯುಸಿ: ಪರೀಕ್ಷೆಯವರೆಗೂ ಓದಿನ ಉತ್ಸಾಹ ಉಳಿಸಿಕೊಳ್ಳುವ ಬಗೆ

ಜೂನ್ ತಿಂಗಳಲ್ಲಿ ಹೊಸ ಪುಸ್ತಕಗಳಿಗೆ ಬೈಂಡ್ ಹಾಕಿ, ಗೋಡೆಗೆ ವೇಳಾಪಟ್ಟಿ ಅಂಟಿಸಿ, ಇನ್ನು ದಿನವೂ ಮುಂಜಾನೆ ಐದಕ್ಕೆ ಏಳಬೇಕೆಂದು ಸಂಕಲ್ಪ ಮಾಡದ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಅಪರೂಪ. ದಸರಾ ರಜೆ ಮುಗಿಯುವ ಹೊತ್ತಿಗೆ ಆ ವೇಳಾಪಟ್ಟಿಯ ಮೂಲೆ ಕಿತ್ತು ಬಂದಿರುತ್ತದೆ. ಅಲಾರಂ ಹೊಡೆದುಕೊಳ್ಳುತ್ತದೆ, ಏಳುವವರಿರುವುದಿಲ್ಲ. ಪರೀಕ್ಷೆ ಇನ್ನೂ ನಾಲ್ಕೈದು ತಿಂಗಳು ದೂರವಿದೆ ಎನ್ನುವ ಈ ನಡುವಿನ ಕಾಲವೇ ನಿಜವಾಗಿ ಅಪಾಯಕಾರಿ. ಆರಂಭದ ಹುರುಪು ಇಳಿದಿರುತ್ತದೆ, ಕೊನೆಯ ದಿನಗಳ ಭಯವಿನ್ನೂ ಹುಟ್ಟಿರುವುದಿಲ್ಲ.

ಮಕ್ಕಳ ಈ ಸ್ಥಿತಿಯನ್ನು ಕಂಡ ಮನೆಯವರು ಅದನ್ನು ಸೋಮಾರಿತನವೆನ್ನುತ್ತಾರೆ. ಮಕ್ಕಳಾದರೋ ತಮ್ಮಲ್ಲಿ ಛಲವೇ ಇಲ್ಲವೆಂದು ಒಳಗೊಳಗೇ ನಂಬತೊಡಗುತ್ತಾರೆ. ಎರಡೂ ಬಹುಪಾಲು ತಪ್ಪು ತಿಳಿವಳಿಕೆ. ಉತ್ಸಾಹವೆಂಬುದು ಕೆಲವರಿಗೆ ಹುಟ್ಟಿನಿಂದ ಬಂದು ಇನ್ನು ಕೆಲವರಿಗೆ ಬಾರದೇ ಹೋದ ಗುಣವಲ್ಲ. ತಾನು ಪಟ್ಟ ಶ್ರಮಕ್ಕೆ ಫಲ ಸಿಗುತ್ತಿದೆ ಎಂಬುದು ಕಣ್ಣಿಗೆ ಕಂಡಾಗ ಅದು ಬೆಳೆಯುತ್ತದೆ, ಕಾಣದಿದ್ದಾಗ ಒಣಗುತ್ತದೆ. ಆದ್ದರಿಂದ ‘ಉತ್ಸಾಹ ಬಂದ ಮೇಲೆ ಓದುತ್ತೇನೆ’ ಎನ್ನುವುದು ಮಳೆ ನಿಂತ ಮೇಲೆ ಉಳುತ್ತೇನೆ ಎಂದಂತೆ. ಓದಿನ ಫಲವು ದಿನದಿನವೂ ಕಾಣುವಂತೆ ಓದುವ ಕ್ರಮವನ್ನು ರೂಪಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಯಾರಿಗಾಗಿ ಈ ಮಾತು?

ಪ್ರತಿ ವರ್ಷ ಫಲಿತಾಂಶ ಪ್ರಕಟವಾದ ಮರುದಿನ ಆರುನೂರಕ್ಕೆ ಐನೂರತೊಂಬತ್ತಕ್ಕೂ ಹೆಚ್ಚು ಅಂಕ ಪಡೆದವರ ಭಾವಚಿತ್ರಗಳು ಪತ್ರಿಕೆಗಳ ಪುಟಗಳನ್ನು ತುಂಬುತ್ತವೆ. ಅವರು ಎಷ್ಟು ಗಂಟೆ ಓದಿದರು, ಏನು ತಿಂದರು ಎಂಬುದೂ ಸುದ್ದಿಯೇ. ಆದರೆ ಉತ್ಸಾಹದ ಪ್ರಶ್ನೆ ಅವರಿಗಿಂತ ಹೆಚ್ಚಾಗಿ ಕಾಡುವುದು ಉತ್ತೀರ್ಣತೆಯೇ ಅನುಮಾನವಾಗಿರುವವರನ್ನು. 2025ರ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆಯ ಫಲಿತಾಂಶ ಶೇ 93.90, ದಕ್ಷಿಣ ಕನ್ನಡದ್ದು ಶೇ 93.57. ಕೊನೆಯ ಸ್ಥಾನದಲ್ಲಿದ್ದ ಯಾದಗಿರಿಯದು ಶೇ 48.45. ವಿಜ್ಞಾನ ವಿಭಾಗದಲ್ಲಿ ನೂರಕ್ಕೆ 82 ಮಂದಿ ತೇರ್ಗಡೆಯಾದರೆ ಕಲಾ ವಿಭಾಗದಲ್ಲಿ ತೇರ್ಗಡೆಯಾದವರು 53 ಮಂದಿ. ಯಾದಗಿರಿಯ ಮಕ್ಕಳಿಗೆ ಉಡುಪಿಯ ಮಕ್ಕಳಷ್ಟು ಛಲವಿಲ್ಲವೆಂದು ಇದರಿಂದ ತೀರ್ಮಾನಿಸುವವರು ಖಾಲಿ ಇರುವ ಉಪನ್ಯಾಸಕ ಹುದ್ದೆಗಳನ್ನೂ ಹತ್ತಾರು ಕಿಲೋಮೀಟರು ದೂರದ ಬಸ್ ಪ್ರಯಾಣವನ್ನೂ ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ ಹೋಗಲೇಬೇಕಾದ ಮನೆಯ ಸ್ಥಿತಿಯನ್ನೂ ನೋಡಿರುವುದಿಲ್ಲ. ಪ್ರೇರಣೆಯ ಭಾಷಣದಿಂದ ಇವು ಬದಲಾಗವು. ಆದರೂ ಇರುವ ಸಮಯವನ್ನು ಬಳಸುವ ರೀತಿಯಲ್ಲಿ ವಿದ್ಯಾರ್ಥಿಗಳ ಕೈಯಲ್ಲಿರುವುದು ಸಾಕಷ್ಟಿದೆ.

ಪರೀಕ್ಷೆಯ ಸ್ವರೂಪ ತಿಳಿದಿರಲಿ

ಎದುರಿಗಿರುವುದು ಎಷ್ಟು ದೊಡ್ಡದೆಂದು ತಿಳಿಯದಿದ್ದಾಗ ಮನಸ್ಸು ಅದನ್ನು ಇರುವುದಕ್ಕಿಂತ ದೊಡ್ಡದಾಗಿ ಕಲ್ಪಿಸಿಕೊಳ್ಳುತ್ತದೆ. ದ್ವಿತೀಯ ಪಿಯುಸಿಯಲ್ಲಿ ಎರಡು ಭಾಷೆಗಳೂ ಸೇರಿ ಆರು ವಿಷಯಗಳು, ಒಟ್ಟು 600 ಅಂಕಗಳು. ಪ್ರಯೋಗಾಲಯವಿರುವ ವಿಷಯಗಳಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30. ಉಳಿದವುಗಳಲ್ಲಿ ಲಿಖಿತಕ್ಕೆ 80, ಆಂತರಿಕ ಮೌಲ್ಯಮಾಪನಕ್ಕೆ 20. 2025-26ನೇ ಸಾಲಿನಿಂದ ಉತ್ತೀರ್ಣತೆಗೆ ಒಟ್ಟು ಶೇ 33, ಅಂದರೆ 600ಕ್ಕೆ 198 ಅಂಕ ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ 30 ಅಂಕ ಸಾಕೆಂದು ನಿಯಮ ಬದಲಾಗಿದೆ. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ.

ವಿಜ್ಞಾನದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪಠ್ಯ ಕಡಿತದ ನಂತರದ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಭೌತಶಾಸ್ತ್ರಕ್ಕೆ 14, ರಸಾಯನಶಾಸ್ತ್ರಕ್ಕೆ 10, ಗಣಿತಕ್ಕೆ 13, ಜೀವಶಾಸ್ತ್ರಕ್ಕೆ 13 ಅಧ್ಯಾಯಗಳಿವೆ. ಒಟ್ಟು ಐವತ್ತು. ಜೂನ್‌ನಿಂದ ಡಿಸೆಂಬರ್ ಕೊನೆಯವರೆಗೆ ಸುಮಾರು ಮೂವತ್ತು ವಾರಗಳು ಸಿಗುತ್ತವೆ. ವಾರಕ್ಕೆ ಎರಡು ಅಧ್ಯಾಯಗಳೂ ಬೀಳುವುದಿಲ್ಲ! ‘ಪೋರ್ಷನ್ ಸಮುದ್ರದಷ್ಟಿದೆ’ ಎಂದು ನಿಟ್ಟುಸಿರು ಬಿಡುವವರು ಈ ಐವತ್ತು ಹೆಸರುಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಬೇಕು. ಸಮುದ್ರವು ಒಂದು ಹಾಳೆಯಲ್ಲಿ ಹಿಡಿಯುತ್ತದೆ.

ಉತ್ಸಾಹ ಕುಗ್ಗುವುದೇಕೆ?

ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಆಸುಪಾಸಿನಲ್ಲಿದ್ದ ಅಂಕಗಳು ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಅರ್ಧಕ್ಕಿಳಿಯುವುದುಂಟು. ಪಠ್ಯ ಕಠಿಣವಾಗಿದೆ, ತರಗತಿಯ ವೇಗ ಹೆಚ್ಚಾಗಿದೆ ಎಂಬುದು ಅದಕ್ಕೆ ಸರಳ ಕಾರಣ. ಆದರೆ ಹದಿನೇಳರ ಹರೆಯದಲ್ಲಿ ಅದನ್ನು ‘ನನಗೆ ತಲೆಯಿಲ್ಲ’ ಎಂಬ ತೀರ್ಪಾಗಿ ಓದಿಕೊಳ್ಳುವುದು ಸುಲಭ. ಹಾಗೆ ಓದಿಕೊಂಡವರು ಕಷ್ಟದ ವಿಷಯದಿಂದ ದೂರ ಸರಿಯುತ್ತಾರೆ. ದೂರ ಸರಿದಷ್ಟೂ ಮುಂದಿನ ಅಂಕ ಇನ್ನಷ್ಟು ಇಳಿಯುತ್ತದೆ, ಇಳಿದ ಅಂಕ ತೀರ್ಪನ್ನು ಖಚಿತಪಡಿಸಿದಂತೆ ತೋರುತ್ತದೆ. ಎಷ್ಟೋ ಮಂದಿ ಓದನ್ನು ಕೈಬಿಟ್ಟದ್ದು ಹೀಗೆ, ಹಂತ ಹಂತವಾಗಿ.

ಇನ್ನೊಂದು ಕಾರಣ ಗುರಿ ತನ್ನದಲ್ಲದಿರುವುದು. ಅಣ್ಣ ಎಂಜಿನಿಯರಾದನೆಂದು, ಅತ್ತೆಯ ಮಗಳು ವೈದ್ಯಳಾದಳೆಂದು ವಿಜ್ಞಾನಕ್ಕೆ ಸೇರಿಸಲ್ಪಟ್ಟವರು ಎರಡನೇ ವರ್ಷದ ನಡುವೆ ದಣಿಯುವುದು ಸಹಜವೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1980ರ ದಶಕದಿಂದ ಬೆಳೆಸಿಕೊಂಡು ಬಂದ ಸಿದ್ಧಾಂತವೊಂದು ಇಲ್ಲಿ ನೆನಪಿಗೆ ಬರುತ್ತದೆ. ತಾನೇ ಆರಿಸಿಕೊಂಡೆನೆಂಬ ಭಾವ, ತನ್ನಿಂದ ಆಗುತ್ತದೆಂಬ ಅನುಭವ, ತನ್ನವರೊಡನೆ ಬೆಸೆದಿರುವೆನೆಂಬ ನೆಮ್ಮದಿ, ಈ ಮೂರು ಇದ್ದಲ್ಲಿ ಪ್ರೇರಣೆ ಬಾಳಿಕೆ ಬರುತ್ತದೆ ಎನ್ನುತ್ತದೆ ಅದು. ವಿಭಾಗವನ್ನು ಈಗ ಬದಲಿಸಲಾಗದಿದ್ದರೂ ಇಂದು ಯಾವ ವಿಷಯ ಮೊದಲು, ಯಾವ ಅಧ್ಯಾಯ ಮೊದಲು ಎಂಬ ಸಣ್ಣ ಆಯ್ಕೆಗಳನ್ನಾದರೂ ಮಕ್ಕಳಿಗೇ ಬಿಡಬಹುದು. ಅಪ್ಪ ಬರೆದುಕೊಟ್ಟ ವೇಳಾಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅಪ್ಪನದೇ ಆಗಿ ಉಳಿಯುತ್ತದೆ.

ಓದಿದೆನೆಂಬ ಭ್ರಮೆ

ದಿನಕ್ಕೆ ಆರೇಳು ಗಂಟೆ ಪುಸ್ತಕದ ಮುಂದೆ ಕುಳಿತೂ ಪರೀಕ್ಷೆಯಲ್ಲಿ ನೆನಪಾಗದೆ ಕಂಗೆಟ್ಟವರು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಶ್ರಮಪಟ್ಟೂ ಫಲ ಕಾಣದಿರುವುದಕ್ಕಿಂತ ಮನಸ್ಸನ್ನು ಮುರಿಯುವ ಸಂಗತಿ ಇನ್ನೊಂದಿಲ್ಲ. ಇಲ್ಲಿ ದೋಷ ಸಾಮಾನ್ಯವಾಗಿ ಶ್ರಮದ ಪ್ರಮಾಣದಲ್ಲಿರುವುದಿಲ್ಲ, ಓದುವ ವಿಧಾನದಲ್ಲಿರುತ್ತದೆ.

ಅದೇ ಪುಟವನ್ನು ಮೂರು ಬಾರಿ ಓದಿ, ಹಳದಿ ಶಾಯಿಯಲ್ಲಿ ಗೆರೆ ಎಳೆದರೆ ಪುಟ ಪರಿಚಿತವೆನಿಸುತ್ತದೆ. ಪರಿಚಯವನ್ನು ಮನಸ್ಸು ಜ್ಞಾನವೆಂದು ಭ್ರಮಿಸುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಕಾಲೇಜು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಸಲ ಓದಿದ ಪಾಠವೇ ಹೆಚ್ಚು ನೆನಪಿತ್ತು. ಆದರೆ ಒಂದು ವಾರ ಕಳೆದ ಮೇಲೆ ಲೆಕ್ಕ ತಿರುವುಮುರುವಾಯಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ 42ರಷ್ಟು, ಮುಚ್ಚಿ ಬರೆದದ್ದರಲ್ಲಿ ಶೇ 56ರಷ್ಟು. ವಾರ್ಷಿಕ ಪರೀಕ್ಷೆ ಐದು ನಿಮಿಷಗಳ ನಂತರ ನಡೆಯುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೀಗೆ ಮಾಡಿ: ಒಂದು ಅಧ್ಯಾಯದ ಒಂದು ಭಾಗವನ್ನು, ಮೂರೋ ನಾಲ್ಕೋ ಪುಟಗಳನ್ನು ಗಮನವಿಟ್ಟು ಓದಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದುದನ್ನೆಲ್ಲ ಬರೆಯಿರಿ. ಸೂತ್ರ, ಚಿತ್ರ, ವ್ಯಾಖ್ಯೆ, ಇಸವಿ ಏನು ಬಂದರೂ ಸರಿ. ನಂತರ ಪುಸ್ತಕ ತೆರೆದು ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ತುಂಬಿ, ತಾರೀಖು ಹಾಕಿ ಆ ಹಾಳೆಯನ್ನು ಕಡತದಲ್ಲಿಡಿ. ಮೂರು ದಿನ ಬಿಟ್ಟು ಅದೇ ಭಾಗವನ್ನು ಓದದೆಯೇ ಮತ್ತೆ ಬರೆಯಿರಿ. ಆಮೇಲೆ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಮೊದಲ ಹಾಳೆ ಕೆಂಪಾಗಿರುತ್ತದೆ, ಮೂರನೆಯದರಲ್ಲಿ ಕೆಂಪು ಅಲ್ಲಲ್ಲಿ ಉಳಿದಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಹುಟ್ಟುವ ಧೈರ್ಯವನ್ನು ಯಾವ ವ್ಯಕ್ತಿತ್ವ ವಿಕಸನ ಶಿಬಿರವೂ ಕೊಡಲಾರದು. ಏಕೆಂದರೆ ಇದು ಸಾಕ್ಷಿ. ‘ನಿನ್ನಿಂದ ಸಾಧ್ಯ’ ಎಂದು ಇತರರು ಹೇಳುವುದಕ್ಕೂ, ಸಾಧ್ಯವಾಗಿದ್ದನ್ನು ತಾವೇ ಕಾಣುವುದಕ್ಕೂ ಅಂತರವಿದೆ.

ಮೊದಮೊದಲು ಈ ಕ್ರಮ ಕಹಿಯೆನಿಸುತ್ತದೆಂಬುದನ್ನೂ ಹೇಳಬೇಕು. ಖಾಲಿ ಹಾಳೆಯ ಮುಂದೆ ಏನೂ ಹೊಳೆಯದೆ ಕೂರುವುದು ಯಾರಿಗೂ ಇಷ್ಟವಾಗುವುದಿಲ್ಲ. ಪುನಃ ಪುನಃ ಓದುವುದರಲ್ಲಿ ಅಂಥ ಮುಜುಗರವಿಲ್ಲ, ಅದಕ್ಕೇ ಅದು ಜನಪ್ರಿಯ. ಮರೆತದ್ದನ್ನು ನೆನಪಿಸಿಕೊಳ್ಳಲು ಹೆಣಗುವ ಆ ಒಂದೆರಡು ನಿಮಿಷಗಳಲ್ಲೇ ಪಾಠ ಗಟ್ಟಿಯಾಗುತ್ತದೆ. ಗಣಿತಕ್ಕೂ ಲೆಕ್ಕಶಾಸ್ತ್ರಕ್ಕೂ ಇದೇ ಮಾತು ಅನ್ವಯ. ಬಿಡಿಸಿಟ್ಟ ಲೆಕ್ಕವನ್ನು ಓದುವುದು ಲೆಕ್ಕ ಮಾಡಿದಂತಲ್ಲ. ಪಾಲುದಾರಿಕೆ ಸಂಸ್ಥೆಯ ಲೆಕ್ಕಪತ್ರಗಳನ್ನು ಗೈಡಿನಲ್ಲಿ ನೋಡಿ ತಲೆಯಾಡಿಸಿದವರಲ್ಲಿ ಎಷ್ಟು ಮಂದಿ ಪರೀಕ್ಷಾ ಕೊಠಡಿಯಲ್ಲಿ ಆಸ್ತಿ-ಹೊಣೆಗಳ ಎರಡು ಬದಿಯನ್ನು ಸರಿದೂಗಿಸಿದ್ದಾರೆ?

ಕುಳಿತುಕೊಳ್ಳುವುದೇ ಕಷ್ಟವಾದಾಗ

ಬಹಳಷ್ಟು ದಿನಗಳಲ್ಲಿ ನಿಜವಾದ ಸಮಸ್ಯೆ ಮೊದಲ ಹತ್ತು ನಿಮಿಷಗಳದು. ‘ಸಂಜೆ ಓದುತ್ತೇನೆ’ ಎಂಬ ನಿರ್ಧಾರಕ್ಕೆ ಹಿಡಿಯಲು ಕೈಯಿಲ್ಲ. ‘ಬಸ್ಸಿಳಿದು ಮನೆಗೆ ಬಂದು ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ ಸಮಾಕಲನದ ಎರಡು ಲೆಕ್ಕ ಮಾಡುತ್ತೇನೆ’ ಎಂಬುದಕ್ಕೆ ಸ್ಥಳ, ಸಮಯ, ಕೆಲಸ ಮೂರೂ ಇವೆ. ಹೀಗೆ ಇಂಥದ್ದಾದ ಕೂಡಲೇ ಇಂಥದ್ದು ಎಂದು ಮುಂಚೆಯೇ ಗಂಟುಹಾಕಿದ ಯೋಜನೆಗಳು ಹೆಚ್ಚಾಗಿ ಕಾರ್ಯಗತವಾಗುತ್ತವೆಂದು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಸರ್ 1990ರ ದಶಕದಲ್ಲಿ ತೋರಿಸಿಕೊಟ್ಟರು. ಎರಡೇ ಲೆಕ್ಕ ಸಾಕೇ ಎಂದು ನಗಬೇಡಿ. ಎರಡು ಮುಗಿಸಿದವರು ಹೆಚ್ಚಿನ ದಿನಗಳಲ್ಲಿ ಏಳೆಂಟಕ್ಕೆ ಹೋಗುತ್ತಾರೆ. ಹೋಗದ ದಿನವೂ ಕೊಂಡಿ ಕಳಚುವುದಿಲ್ಲ.

ಮೊಬೈಲಿನ ವಿಷಯದಲ್ಲಿ ಉಪದೇಶ ಸಾಕಷ್ಟಾಗಿದೆ. ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ ಎಂಬಷ್ಟೇ ಇಲ್ಲಿನ ಸಲಹೆ. ಮೇಜಿನ ಮೇಲೆ ಮಗುಚಿಟ್ಟು ಸಂಯಮ ತೋರಿಸುವ ಶ್ರಮವನ್ನು ರಸಾಯನಶಾಸ್ತ್ರಕ್ಕೆ ಬಳಸಬಹುದು.

ನಿದ್ರೆಯ ಬಗ್ಗೆಯೂ ಒಂದು ಮಾತು. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂಬುದು ತಜ್ಞರ ಶಿಫಾರಸು. ರಾತ್ರಿ ಒಂದರವರೆಗೆ ಓದಿ ಐದಕ್ಕೆ ಎದ್ದವರಿಗೆ ಮಧ್ಯಾಹ್ನದ ತರಗತಿಯಲ್ಲಿ ಉತ್ಸಾಹವಿಲ್ಲದಿದ್ದರೆ ಅದು ಉತ್ಸಾಹದ ಕೊರತೆಯಲ್ಲ, ನಿದ್ರೆಯ ಕೊರತೆ.

ಎರಡು ದೋಣಿಯ ಪಯಣ

ವಿಜ್ಞಾನ ವಿದ್ಯಾರ್ಥಿಗಳ ಬೇಗುದಿಗೆ ಪ್ರತ್ಯೇಕ ಕಾರಣವೊಂದಿದೆ. ಮಾರ್ಚ್ ಸುಮಾರಿಗೆ ಮಂಡಲಿಯ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ವಾರದಲ್ಲಿ ನೀಟ್. ಇವುಗಳ ನಡುವೆ ಜೆಇಇ ಬರೆಯುವವರೂ ಇದ್ದಾರೆ. ಮೂರೂ ಒಂದೇ ಪಠ್ಯವನ್ನು ಕುರಿತಿದ್ದರೂ ಬೇಡುವುದು ಬೇರೆ ಬೇರೆ. ಮಂಡಲಿಯ ಪರೀಕ್ಷೆಯಲ್ಲಿ ಹಂತ ಹಂತಕ್ಕೂ ಅಂಕವಿದೆ. ಉತ್ತರ ತಪ್ಪಿದರೂ ಸರಿಯಾದ ಸೂತ್ರಕ್ಕೆ, ಚಿತ್ರಕ್ಕೆ ಬೆಲೆಯುಂಟು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ನೀಟ್‌ನಲ್ಲಿ 2025ರಿಂದ 180 ಪ್ರಶ್ನೆಗಳಿಗೆ 180 ನಿಮಿಷ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ.

ಕೋಚಿಂಗ್ ಕೇಂದ್ರದ ವಾರದ ಪರೀಕ್ಷೆಯಲ್ಲಿ 720ಕ್ಕೆ ಇನ್ನೂರು ಬಂತೆಂದು ಕುಸಿದು, ಆ ಬೇಸರದಲ್ಲಿ ಮಂಡಲಿಯ ಪರೀಕ್ಷೆಯ ಓದನ್ನೂ ಬಿಟ್ಟವರು ಎರಡೂ ಕಡೆ ಕಳೆದುಕೊಳ್ಳುತ್ತಾರೆ. ಎಂಜಿನಿಯರಿಂಗ್‌ಗೆ ಸಿಇಟಿ ರ್‍ಯಾಂಕ್ ನಿರ್ಧಾರವಾಗುವಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಗೆ ಅರ್ಧ ಪಾಲಿದೆ ಎಂಬುದನ್ನು ಮರೆಯಲಾಗದು. ಜನವರಿಯವರೆಗೆ ಒಂದು ಅಧ್ಯಾಯವನ್ನು ಮಂಡಲಿಯ ಮಾದರಿಯಲ್ಲಿ ಬರೆದು ಕಲಿತು, ಅದೇ ವಾರ ಅದರ ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಡಿಸುವುದು ಮೇಲು. ಮಂಡಲಿಯ ಪರೀಕ್ಷೆ ಹತ್ತಿರವಾದಾಗ ಅದೊಂದೇ ಇರಲಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಪಿಯುಸಿ ವಿಜ್ಞಾನಕ್ಕೆ ಬಂದವರ ಸಂಕಟವೇ ಬೇರೆ. ಬಹುತೇಕ ಕಾಲೇಜುಗಳಲ್ಲಿ ವಿಜ್ಞಾನದ ಬೋಧನೆ ಇಂಗ್ಲಿಷಿನಲ್ಲಿ. ‘ವೇಗೋತ್ಕರ್ಷ’ವನ್ನು ಬಲ್ಲವರೂ ‘ಆಕ್ಸಲರೇಶನ್’ ಎಂದಾಗ ಒಂದು ಕ್ಷಣ ತಡವರಿಸುತ್ತಾರೆ. ಆ ಒಂದು ಕ್ಷಣದಲ್ಲಿ ಉಪನ್ಯಾಸಕರು ಮುಂದಿನ ಸಾಲಿಗೆ ಹೋಗಿರುತ್ತಾರೆ. ಪಾಠ ಅರ್ಥವಾಗದ್ದಕ್ಕೂ ಪದ ಅರ್ಥವಾಗದ್ದಕ್ಕೂ ಇರುವ ವ್ಯತ್ಯಾಸವನ್ನು ಈ ವಿದ್ಯಾರ್ಥಿಗಳು ಮೊದಲು ಗುರುತಿಸಿಕೊಳ್ಳಬೇಕು. ಎರಡನೆಯದು ಬುದ್ಧಿಯ ಪ್ರಶ್ನೆಯೇ ಅಲ್ಲ. ಪ್ರತಿ ಅಧ್ಯಾಯಕ್ಕೆ ಇಪ್ಪತ್ತು ಮೂವತ್ತು ಪದಗಳ ಜೋಡಿಪಟ್ಟಿಯನ್ನು ಸ್ವಂತ ಕೈಬರಹದಲ್ಲಿ ಮಾಡಿಕೊಂಡು, ತರಗತಿಗೆ ಹೋಗುವ ಮೊದಲು ನೋಡಿದರೆ ಅರ್ಧ ಭಾರ ಇಳಿಯುತ್ತದೆ. ವಿಷಯವನ್ನು ಕನ್ನಡದಲ್ಲಿ ಯೋಚಿಸಿ ಅರ್ಥಮಾಡಿಕೊಳ್ಳುವುದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ. ಅರ್ಥವಾದ ಮೇಲೆ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ರೂಢಿಸಿಕೊಂಡರಾಯಿತು. ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಪಡೆಯುವ ಅವಕಾಶವಿದೆ, 2021ರಿಂದ ಜೆಇಇ ಮೇನ್‌ಗೂ ಇದೆ.

ಬಹುಮಾನ, ಹೊಗಳಿಕೆ, ಹೋಲಿಕೆ

‘ತೊಂಬತ್ತೈದು ತೆಗೆದರೆ ಬೈಕು’ ಎಂಬ ಆಸೆ ತೋರಿಸುವ ಪೋಷಕರು ಸದುದ್ದೇಶದವರೇ. ಆದರೆ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಸಕ್ತಿಯಿಂದ ಒಗಟು ಬಿಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ನಂತರ ನಿಲ್ಲಿಸಿದಾಗ ಅವರ ಆಸಕ್ತಿ ಮೊದಲಿಗಿಂತ ಕಡಿಮೆಯಾಗುವುದು ಕಂಡುಬಂತು. ಬಹುಮಾನವು ಓದನ್ನು ಕೂಲಿಯಾಗಿಸುತ್ತದೆ. ತೊಂಬತ್ತೈದು ದಕ್ಕುವುದಿಲ್ಲವೆಂದು ನವೆಂಬರ್‌ನಲ್ಲೇ ಖಚಿತವಾದರೆ ಕೂಲಿಯೂ ಇಲ್ಲ, ಕೆಲಸವೂ ಇಲ್ಲ.

ಹೊಗಳಿಕೆಯಲ್ಲೂ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ವರದಿ ಮಾಡಿದಂತೆ, ‘ನೀನು ಬುದ್ಧಿವಂತೆ’ ಎಂದು ಹೊಗಳಿಸಿಕೊಂಡ ಮಕ್ಕಳು ನಂತರ ಸೋಲು ಎದುರಾದಾಗ ಬೇಗ ಕೈಚೆಲ್ಲಿದರು. ‘ಚೆನ್ನಾಗಿ ಪ್ರಯತ್ನಪಟ್ಟೆ’ ಎನಿಸಿಕೊಂಡವರು ಮುಂದುವರಿದರು. ಪಕ್ಕದ ಮನೆಯವರ ಮಗನೊಡನೆ ಹೋಲಿಸುವುದರಿಂದ ಯಾರ ಅಂಕವೂ ಏರಿದ್ದಿಲ್ಲ. ಹೋಲಿಸಲೇಬೇಕೆಂದರೆ ಕಳೆದ ತಿಂಗಳ ಉತ್ತರಪತ್ರಿಕೆಯೊಡನೆ ಹೋಲಿಸಬಹುದು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕುಸಿದರೆ

ವಾರ್ಷಿಕ ಪರೀಕ್ಷೆಗೆ ಕೆಲವು ವಾರಗಳ ಮೊದಲು ನಡೆಯುವ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಅನೇಕರನ್ನು ಕಂಗೆಡಿಸುತ್ತವೆ. ಒಟ್ಟು ಅಂಕವನ್ನು ನೋಡಿ ಪತ್ರಿಕೆಯನ್ನು ಚೀಲದ ತಳಕ್ಕೆ ತುರುಕುವ ಬದಲು, ಕಳೆದುಕೊಂಡ ಪ್ರತಿ ಅಂಕದ ಪಕ್ಕದಲ್ಲಿ ಕಾರಣ ಬರೆಯಬೇಕು: ಓದಿರಲಿಲ್ಲ, ಓದಿದ್ದು ಮರೆಯಿತು, ಪ್ರಶ್ನೆ ಅರ್ಥವಾಗಲಿಲ್ಲ, ಸಮಯ ಸಾಲಲಿಲ್ಲ. ಸಮಯ ಸಾಲದೆ ಹೋದ ಹನ್ನೆರಡು ಅಂಕಗಳಿಗೆ ಮೂರು ಗಂಟೆಯ ಗಡುವಿನಲ್ಲಿ ಮಾದರಿ ಪತ್ರಿಕೆಗಳನ್ನು ಬರೆಯುವುದೇ ಮದ್ದು. ಅದಕ್ಕೆ ಹೊಸದಾಗಿ ಪಾಠ ಓದಬೇಕಾಗಿಲ್ಲ. ತೇರ್ಗಡೆಯ ಅಂಚಿನಲ್ಲಿರುವವರು ಮಂಡಲಿಯ ನೀಲನಕ್ಷೆಯನ್ನು ಉಪನ್ಯಾಸಕರಿಂದ ಪಡೆದು, ಹೆಚ್ಚು ಅಂಕ ಹಂಚಿಕೆಯಾಗಿರುವ, ತಮಗೆ ಸುಲಭವೆನಿಸುವ ನಾಲ್ಕೈದು ಅಧ್ಯಾಯಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು ಜಾಣತನ.

ಸುಸ್ತಲ್ಲ, ಕಾಯಿಲೆ ಎನಿಸಿದಾಗ

ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಇಷ್ಟವಾಗಿದ್ದ ಆಟ, ಹಾಡು, ಗೆಳೆಯರೂ ಬೇಡವಾಗುವುದು, ‘ನಾನಿಲ್ಲದಿದ್ದರೇ ಒಳ್ಳೆಯದಿತ್ತು’ ಎಂಬ ಮಾತು ಬಾಯಲ್ಲಿ ಬರುವುದು, ಇವು ಓದಿನ ಬೇಸರದ ಲಕ್ಷಣಗಳಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ಅವರೆಲ್ಲ ಪರೀಕ್ಷೆಯ ಕಾರಣಕ್ಕೇ ಹೋದವರಲ್ಲ. ಆದರೂ ಆ ಸಂಖ್ಯೆಯ ಮುಂದೆ ‘ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕಲಾಗದು. ಇಂಥ ಲಕ್ಷಣ ಕಂಡರೆ ವೇಳಾಪಟ್ಟಿಯನ್ನು ಬದಿಗಿಟ್ಟು, ನಂಬಿಕೆಯ ಹಿರಿಯರೊಬ್ಬರೊಡನೆ ಮತ್ತು ವೈದ್ಯರೊಡನೆ ಅಂದೇ ಮಾತಾಡಬೇಕು. ಅಕ್ಟೋಬರ್ 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಕರೆ ಉಚಿತ, ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಫಲಿತಾಂಶದ ನಂತರದ ದಾರಿಗಳನ್ನೂ ಮೊದಲೇ ತಿಳಿದಿಟ್ಟುಕೊಳ್ಳುವುದು ಮನಸ್ಸಿಗೆ ಹಗುರ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಜಾರಿಗೆ ಬಂದಿದೆ. ಅನುತ್ತೀರ್ಣರಾದವರಷ್ಟೇ ಅಲ್ಲ, ಅಂಕ ಹೆಚ್ಚಿಸಿಕೊಳ್ಳಬಯಸುವವರೂ ಮುಂದಿನ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು. ಎರಡರಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅನುಮಾನವಿದ್ದರೆ ನಿಗದಿತ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ತರಿಸಿಕೊಂಡು, ಅದನ್ನು ವಿಷಯದ ಉಪನ್ಯಾಸಕರಿಗೆ ತೋರಿಸಿ, ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಎರಡಕ್ಕೂ ಕೊನೆಯ ದಿನಾಂಕ ಫಲಿತಾಂಶದ ಬೆನ್ನಿಗೇ ಬರುವುದರಿಂದ ಕಾಲೇಜಿನ ಸೂಚನಾಫಲಕವನ್ನು ಅದೇ ವಾರ ನೋಡಿಕೊಳ್ಳಬೇಕು.